ಜಿಟಿಎ ಗೇಮ್ ಮಾಡಿದ್ದು ಬೆಂಗಳೂರಿನವರಾ? ಅರ್ಧ ಸತ್ಯದ ಹಿಂದಿರುವ ಪೂರ್ತಿ ಕಥೆ

"ಪ್ರಪಂಚವೆಲ್ಲ ಆಡುವ ಜಿಟಿಎ ಗೇಮ್ ತಯಾರಿಸಿದ್ದು ನಮ್ಮ ಬೆಂಗಳೂರಿನವರು, ಹೆಮ್ಮೆಯಿದ್ದರೆ ಶೇರ್ ಮಾಡಿ" ಎಂಬಂಥ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಇದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಜಿಟಿಎ ಹುಟ್ಟಿದ್ದು ಎಲ್ಲಿ?

ಮೊದಲ ಜಿಟಿಎ ಬಂದಿದ್ದು 1997ರಲ್ಲಿ. ಅದನ್ನು ತಯಾರಿಸಿದ್ದು ಸ್ಕಾಟ್ಲೆಂಡಿನ ಡಂಡಿ ನಗರದ ಡಿಎಂಎ ಡಿಸೈನ್ ಎಂಬ ಕಂಪನಿ. ಅದೇ ಮುಂದೆ ರಾಕ್‌ಸ್ಟಾರ್ ನಾರ್ತ್ ಎಂದು ಹೆಸರು ಬದಲಿಸಿಕೊಂಡು ಎಡಿನ್‌ಬರೋದಲ್ಲಿ ಕೆಲಸ ಮಾಡುತ್ತಿದೆ. ಇದರ ಮಾಲೀಕ ಸಂಸ್ಥೆ ರಾಕ್‌ಸ್ಟಾರ್ ಗೇಮ್ಸ್ ಇರುವುದು ನ್ಯೂಯಾರ್ಕಿನಲ್ಲಿ.

ಹಾಗಾದರೆ ಬೆಂಗಳೂರು ಎಲ್ಲಿಂದ ಬಂತು?

ಅದೇ 1997ರಲ್ಲಿ ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು ಧ್ರುವ ಇಂಟರಾಕ್ಟಿವ್ ಎಂಬ ಕಂಪನಿ ಶುರು ಮಾಡಿದರು. ಭಾರತದ ಮೊದಮೊದಲ ಗೇಮ್ ಕಂಪನಿಗಳಲ್ಲಿ ಇದೂ ಒಂದು. ಆಗ ಇಲ್ಲಿ ದುಡ್ಡು ಕೊಟ್ಟು ಗೇಮ್ ಕೊಳ್ಳುವವರೇ ಕಡಿಮೆ. ಹಾಗಾಗಿ ಧ್ರುವ ವಿದೇಶಿ ಕಂಪನಿಗಳ ಗೇಮ್‌ಗಳಿಗೆ ಬೇಕಾದ ಭಾಗಗಳನ್ನು ಮಾಡಿಕೊಡುವ ದಾರಿ ಹಿಡಿಯಿತು. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್‌ಗೆ ಬಂದ ಫೋರ್ಜಾ ಕಾರ್ ರೇಸ್ ಗೇಮ್‌ಗಳಲ್ಲಿ ಧ್ರುವದ ಕಲಾವಿದರ ಕೆಲಸವಿದೆ.

ಎಕ್ಸ್‌ಬಾಕ್ಸ್, ಸೋನಿಯ ಪ್ಲೇಸ್ಟೇಷನ್ ಮುಂತಾದವು ಕನ್ಸೋಲ್‌ಗಳು. ಅಂದರೆ ಟಿವಿಗೆ ಜೋಡಿಸಿ ಗೇಮ್ ಆಡುವ ಪೆಟ್ಟಿಗೆಗಳು. ಪೆಟ್ಟಿಗೆ ಒಬ್ಬರದು, ಗೇಮ್ ಇನ್ನೊಬ್ಬರದು, ಗೇಮ್‌ನೊಳಗಿನ ಕಾರು, ಮರ, ಕಟ್ಟಡ ಮತ್ತೊಬ್ಬರದು. ಈ ಉದ್ಯಮ ನಡೆಯುವುದೇ ಹೀಗೆ.

ಭಾಗ ಮಾಡಿಕೊಡುವುದು ಅಂದರೇನು?

ಗೇಮ್‌ನಲ್ಲಿ ಓಡುವ ಒಂದು ಕಾರನ್ನೇ ತೆಗೆದುಕೊಳ್ಳಿ. ಮೊದಲು ನಿಜವಾದ ಕಾರಿನ ಫೋಟೋ, ಅಳತೆಗಳನ್ನು ಇಟ್ಟುಕೊಂಡು ಕಂಪ್ಯೂಟರಿನಲ್ಲಿ ಅದರ ಆಕಾರ ಕಟ್ಟುತ್ತಾರೆ. ಆಕಾರವೆಂದರೆ ಸಾವಿರಾರು ಪುಟ್ಟ ತ್ರಿಕೋನಗಳ ಜಾಲ. ಅದರ ಮೇಲೆ ಬಣ್ಣ, ಗಾಜು, ಧೂಳು, ಗೀರುಗಳನ್ನು ಹೊದಿಸುತ್ತಾರೆ. ಕನ್ಸೋಲಿನ ಶಕ್ತಿಗೆ ಮಿತಿಯಿದೆ. ಆದ್ದರಿಂದ ಒಂದೇ ಕಾರಿಗೆ ಹಲವು ರೂಪ ಬೇಕು: ಹತ್ತಿರದಿಂದ ಕಂಡಾಗ ಹೆಚ್ಚು ವಿವರವಿರುವುದು, ದೂರದಲ್ಲಿ ಕಂಡಾಗ ಹಗುರವಾದದ್ದು. ಕಾರು ಹತ್ತಿರ ಬಂದಂತೆ ರೂಪ ಬದಲಾಗಿದ್ದು ಆಡುವವರಿಗೆ ಗೊತ್ತಾಗಬಾರದು. ಇದು ತಾಳ್ಮೆಯ ಕುಸುರಿ ಕೆಲಸ.

ಗೌರಿಬಿದನೂರು ತಾಲ್ಲೂಕಿನ ಅಲೀಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹರಳು ಕತ್ತರಿಸಿ ಹೊಳಪು ಕೊಡುವ ಕಸುಬಿಗೆ ಆ ಊರು ಹೆಸರಾಗಿದೆ. ಕಲ್ಲು ಬರುವುದು ಬೇರೆಲ್ಲಿಂದಲೋ, ಉಂಗುರ ಮಾರಾಟವಾಗುವುದು ಇನ್ನೆಲ್ಲೋ. ಉಂಗುರದ ಡಬ್ಬಿಯ ಮೇಲಿರುವುದು ಆಭರಣದಂಗಡಿಯ ಹೆಸರು. ಹಾಗಂತ ಹೊಳಪು ಕೊಟ್ಟ ಕೈ ಸುಳ್ಳಾಗುವುದಿಲ್ಲ. ಉಂಗುರ ಪೂರ್ತಿ ನಮ್ಮದೇ ಎಂದರೆ ಅದೂ ನಿಜವಾಗುವುದಿಲ್ಲ.

ರಾಕ್‌ಸ್ಟಾರ್ ಕೈಗೆ ಹೋಗಿದ್ದು ಹೇಗೆ?

ಸ್ವೀಡನ್ನಿನ ಸ್ಟಾರ್‌ಬ್ರೀಜ್ ಎಂಬ ಗೇಮ್ ಕಂಪನಿ ಧ್ರುವದ ಸುಮಾರು ಶೇ 90 ಪಾಲನ್ನು ಕೊಂಡುಕೊಂಡಿತು. ಆದರೆ 2018ರ ಕೊನೆಗೆ ಸ್ಟಾರ್‌ಬ್ರೀಜ್ ಸ್ವತಃ ಹಣದ ಮುಗ್ಗಟ್ಟಿಗೆ ಸಿಕ್ಕಿ, ಅಲ್ಲಿನ ನ್ಯಾಯಾಲಯದ ರಕ್ಷಣೆ ಕೋರಬೇಕಾಯಿತು. ಖರ್ಚು ಇಳಿಸಿ ಹಣ ಹೊಂದಿಸಲು 2019ರ ಮೇ ತಿಂಗಳಲ್ಲಿ ಧ್ರುವದಲ್ಲಿದ್ದ ತನ್ನ ಪಾಲನ್ನು ಸುಮಾರು 79 ಲಕ್ಷ ಡಾಲರ್‌ಗೆ ರಾಕ್‌ಸ್ಟಾರ್‌ಗೆ ಮಾರಲು ಒಪ್ಪಿತು. ರಾಕ್‌ಸ್ಟಾರ್ ಅದಕ್ಕೂ ಮೊದಲೇ, 2016ರಲ್ಲಿ, ಬೆಂಗಳೂರಿನಲ್ಲಿ ತನ್ನ ಸ್ಟುಡಿಯೋ ತೆರೆದಿತ್ತು. ಧ್ರುವದವರು ಅದರ ಜೊತೆ ಸೇರಿದರು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಎರಡು ದಶಕದ ಕಸುಬು ಬೆಂಗಳೂರಿನದು, ಆದರೆ ಅದರ ಮುಂದಿನ ದಾರಿ ತೀರ್ಮಾನವಾಗಿದ್ದು ಸ್ವೀಡನ್ನಿನ ಮಾಲೀಕರ ಲೆಕ್ಕಪುಸ್ತಕದಲ್ಲಿ. "ನಾವೇ ಮಾಡಿದ್ದು" ಎಂಬ ಫಾರ್ವರ್ಡ್ ಈ ಭಾಗವನ್ನು ಹೇಳುವುದೇ ಇಲ್ಲ.

ಹಾಗಾದರೆ ಏನೆಂದು ಹೇಳಬಹುದು?

ಜಿಟಿಎ ಬೆಂಗಳೂರಿನ ಸೃಷ್ಟಿಯಲ್ಲ. ರಾಕ್‌ಸ್ಟಾರ್‌ನ ಕೆಲಸದಲ್ಲಿ ಬೆಂಗಳೂರಿನವರ ಪಾಲಿದೆ. ಇಷ್ಟು ಹೇಳಿದರೆ ಸಾಕು, ಹೆಮ್ಮೆಪಡಲು ಇದೇನು ಕಡಿಮೆಯಲ್ಲ.

ಉತ್ಪ್ರೇಕ್ಷೆಯಿಂದ ನಷ್ಟವೇನು ಅನ್ನಿಸಬಹುದು. ಇಂಥ ಸಂದೇಶದ ಬಾಲಕ್ಕೆ "ನಮ್ಮ ಕೋರ್ಸ್ ಸೇರಿ, ಗೇಮ್ ಕಂಪನಿಯಲ್ಲಿ ಕೆಲಸ ಗ್ಯಾರಂಟಿ" ಎಂಬ ಜಾಹೀರಾತು ಅಂಟಿಕೊಂಡಿದ್ದರೆ, ಪಣಕ್ಕಿರುವುದು ಮನೆಯ ದುಡ್ಡು ಮತ್ತು ಮಕ್ಕಳ ಒಂದೆರಡು ವರ್ಷ. ಶುಲ್ಕ ಕಟ್ಟುವ ಮೊದಲು ಅಲ್ಲಿ ಕಲಿತವರು ಈಗ ಎಲ್ಲಿದ್ದಾರೆ, ಯಾವ ಕೆಲಸ ಮಾಡುತ್ತಿದ್ದಾರೆ ಎಂದು ಕೇಳಿ. ಹಾಗೆಯೇ ಗೇಮ್‌ನ ಕೊನೆಯಲ್ಲಿ ಸಿನಿಮಾದಂತೆ ಹೆಸರುಗಳ ಪಟ್ಟಿ ಬರುತ್ತದೆ. ಯಾರು ಪ್ರಕಟಿಸಿದರು, ಯಾರು ತಯಾರಿಸಿದರು, ಯಾರು ಕೈಜೋಡಿಸಿದರು ಎಂಬುದು ಅಲ್ಲಿರುತ್ತದೆ. ಶೇರ್ ಒತ್ತುವ ಮುಂಚೆ ಆ ಪಟ್ಟಿಯನ್ನೊಮ್ಮೆ ನೋಡಿ.