ತಂತಿ ಸುತ್ತಿದ ಕೈ, ಕಾಸು ಎಣಿಸಿದ ಕೈ

ಬಸ್ಸು ಸುಟ್ಟು ಜನ ಸತ್ತ ಮಾರನೆಯ ದಿನ ನಡೆಯುವ ವಿಧಿಗಳು ಈಗ ಎಲ್ಲರಿಗೂ ಬಾಯಿಪಾಠವಾಗಿವೆ. ಮಂತ್ರಿ ಮಹೋದಯರು ಸಂತಾಪ ಸೂಚಿಸುತ್ತಾರೆ. ಪರಿಹಾರದ ಮೊತ್ತ ಪ್ರಕಟವಾಗುತ್ತದೆ. ಸಾರಿಗೆ ಅಧಿಕಾರಿಗಳು ಒಂದು ವಾರ ಹೆದ್ದಾರಿಯಲ್ಲಿ ನಿಂತು ಬಸ್ಸು ತಡೆಯುತ್ತಾರೆ. ಎಂಟನೆಯ ದಿನ ಎಲ್ಲವೂ ಯಥಾಪ್ರಕಾರ.

2025ರ ಅಕ್ಟೋಬರ್ 14ರಂದು ರಾಜಸ್ಥಾನದ ಜೈಸಲ್ಮೇರ್ ಬಳಿ ಸ್ಲೀಪರ್ ಬಸ್ಸೊಂದು ಉರಿದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಹತ್ತೇ ದಿನಕ್ಕೆ, 24ರ ನಸುಕಿನಲ್ಲಿ, ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸು ಕರ್ನೂಲಿನ ಬಳಿ ಉರಿದು 19 ಪ್ರಯಾಣಿಕರು ಬಲಿಯಾದರು. ಮೊದಲಿನದಕ್ಕೆ ಆಮೇಲೆ ಎ.ಸಿ. ಕೂರಿಸಲಾಗಿತ್ತೆಂದೂ, ಎರಡನೆಯದರಲ್ಲಿ ಸೀಟು ಕಿತ್ತು ಬರ್ತ್ ಜೋಡಿಸಲಾಗಿತ್ತೆಂದೂ ವರದಿಗಳು ಹೇಳಿದವು. ಕರ್ನೂಲಿನಲ್ಲಿ ಬೈಕೊಂದು ಬಸ್ಸಿನಡಿ ಸಿಕ್ಕಿ ಬೆಂಕಿ ಹತ್ತಿತು, ನಿಜ. ಬೆಂಕಿ ಹತ್ತಿದ ಮೇಲೆ ಮಲಗಿದ್ದವರಿಗೆ ಹೊರಬರಲು ದಾರಿ ಎಷ್ಟಿತ್ತು? ನಮ್ಮ ಪ್ರಶ್ನೆ ಅದು.

ನಮ್ಮ ಊರಿನ ಗ್ಯಾರೇಜು ಸಾಲಿನಲ್ಲಿ ಅರ್ಧ ದಿನ ನಿಂತವರಿಗೆ ಈ ಕಸುಬಿನ ಗುಟ್ಟು ಹೊಸದಲ್ಲ. ಫ್ಯೂಸು ಪದೇ ಪದೇ ಹೋಗುತ್ತದೆಯೆ? ತಾಮ್ರದ ತಂತಿ ಸುತ್ತಿಬಿಡುವುದು. ಕರೆಂಟು ಹೆಚ್ಚಾದಾಗ ತಾನು ಕರಗಿ ಗಾಡಿಯನ್ನು ಉಳಿಸಲೆಂದೇ ಫ್ಯೂಸು ಇರುವುದು. ದಪ್ಪ ತಂತಿ ಕರಗದು. ಆಗ ಒಳಗಿನ ವೈರಿಂಗೇ ಕಾದು, ಅದರ ಮೇಲಿನ ಪ್ಲಾಸ್ಟಿಕ್ಕು ಹೊತ್ತಿಕೊಳ್ಳುತ್ತದೆ. ಪಕ್ಕದಲ್ಲಿ ಫೋಮು, ಪರದೆ, ಪ್ಲೈವುಡ್ಡು ಸಿದ್ಧವಾಗಿವೆ. ಟೆಂಪೋವಿನ ಒಂದು ಚಕ್ರದಲ್ಲಿ ಬ್ರೇಕ್ ಎಣ್ಣೆ ಸೋರುತ್ತದೆಯೆ? ಆ ಚಕ್ರದ ಪೈಪನ್ನೇ ಬಡಿದು ಮುಚ್ಚುವುದು. ಉಳಿದ ಚಕ್ರಗಳು ಹಿಡಿಯುತ್ತವೆ, ಅದೊಂದು ಹಿಡಿಯದು. ಮಳೆಯ ದಿನ ಜೋರಾಗಿ ಬ್ರೇಕು ಒತ್ತಿದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ. ತುರ್ತು ಬಾಗಿಲಿಗೆ ಅಡ್ಡಲಾಗಿ ಒಂದು ಬರ್ತ್ ಹಾಕಿದರೆ ದಿನಾ ಒಂದು ಟಿಕೆಟ್ಟಿನ ಲಾಭ. ಎಫ್.ಸಿ. ಮಾಡಿಸುವ ದಿನ ಬಾಡಿಗೆಗೆ ಒಳ್ಳೆಯ ಟೈರು ತಂದು ಹಾಕಿ, ಸಂಜೆಗೆ ಬೋಳು ಟೈರಿಗೆ ಮರಳುವ ಚಮತ್ಕಾರವೂ ಉಂಟು.

ಇದನ್ನೆಲ್ಲ ಮಾಡುವವನು ಯಾರು? ಕೈಗೆ ಗ್ರೀಸು ಮೆತ್ತಿದ, ದಿನಗೂಲಿಯ ಹುಡುಗ. ಮಾಡಿಸುವವನು ಯಾರು? ‘ಸಂಜೆ ಐದಕ್ಕೆ ಗಾಡಿ ಲೈನಿಗೆ ಹೋಗಬೇಕು, ಏನಾದರೂ ಮಾಡಿ ಬಿಡಪ್ಪಾ’ ಎಂದು ಫೋನಿನಲ್ಲಿ ಹೇಳಿದವನು. ಆ ‘ಏನಾದರೂ’ ಎಂಬ ಮಾತಿಗೆ ಬಿಲ್ಲಿಲ್ಲ, ಸಹಿಯಿಲ್ಲ, ಸಾಕ್ಷಿಯಿಲ್ಲ.

ಕಾನೂನು ಏನು ಹೇಳುತ್ತದೆ? ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿಸಿದ 182ಎ ಕಲಮಿನಂತೆ, ವಾಹನವನ್ನು ಅಕ್ರಮವಾಗಿ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಹಬ್ಬದ ರಾತ್ರಿ ಕೆಲವು ಬರ್ತ್ ಮಾರಿದರೆ ಆ ದಂಡ ಹುಟ್ಟಿತು! ಅಪಘಾತವಾದಾಗ ಮೊದಲು ಕೊರಳಪಟ್ಟಿ ಹಿಡಿಯುವುದು ಡ್ರೈವರನದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು ನಿರ್ಲಕ್ಷ್ಯದಿಂದಾದ ಸಾವಿಗೆ ಐದು ವರ್ಷದವರೆಗೆ ಸೆರೆ ವಿಧಿಸುತ್ತದೆ. ಹಳೆಯ ಕಾನೂನಿನಲ್ಲಿ ಅದು ಎರಡು ವರ್ಷವಿತ್ತು. ಬ್ರೇಕು ಒತ್ತಿದವನಿಗೆ ಐದು ವರ್ಷದ ಭಯ, ಬ್ರೇಕು ಮುಚ್ಚಿಸಿದವನಿಗೆ ಐದು ಸಾವಿರದ ರಸೀತಿ. ಇದು ಯಾವ ನ್ಯಾಯ, ಸ್ವಾಮಿ?

ಒಂದೇ ಟೆಂಪೋ ಇಟ್ಟುಕೊಂಡು ಫೈನಾನ್ಸಿನ ಕಂತಿಗೆ ಒದ್ದಾಡುವ ಬಡ ಮಾಲೀಕನೂ ಉಂಟೆಂದು ನಾವು ಬಲ್ಲೆವು. ಅವನ ಕಷ್ಟ ಸುಳ್ಳಲ್ಲ. ಆದರೆ ಆ ಕಷ್ಟದ ಬೆಲೆಯನ್ನು ಹಿಂದೆ ಕೂತ ಕೂಲಿಯಾಳುಗಳು ಪ್ರಾಣದಿಂದ ತೆರಬೇಕೆ? 1948ರಲ್ಲಿ ಮೈಸೂರು ಸರ್ಕಾರ ಬಸ್ಸು ಓಡಿಸಲು ಆರಂಭಿಸಿತು. 1961ರಲ್ಲಿ ಅದು ಸಾರಿಗೆ ಸಂಸ್ಥೆಯಾಯಿತು. ಜನರ ಹಣದಿಂದ ಎದ್ದು ನಿಂತ ಆ ಸಂಸ್ಥೆಯ ಡಿಪೋಗಳಲ್ಲಿ ಪಿಟ್ಟು, ಉಪಕರಣ, ನುರಿತ ಕೆಲಸಗಾರರು ಇದ್ದಾರೆ. ಸಣ್ಣ ಮಾಲೀಕರ ಗಾಡಿಗಳಿಗೆ ಅಲ್ಲಿ ಅಸಲು ಖರ್ಚಿನಲ್ಲಿ ಬ್ರೇಕು, ವೈರಿಂಗು ನೋಡಿಕೊಡಲು ಅಡ್ಡಿ ಏನು?

ಹೊಸ ಗಾಡಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್.ಸಿ. ಆಗುತ್ತದೆ. ನಡುವಿನ ದಿನಗಳಲ್ಲಿ ನೋಡುವವರು ಯಾರು? ಗ್ಯಾರೇಜಿನ ಪ್ರತಿ ಕೆಲಸಕ್ಕೂ ಮಾಲೀಕನ ಸಹಿಯುಳ್ಳ ಚೀಟಿ ಕಡ್ಡಾಯವಾಗಬೇಕು. ಎಫ್.ಸಿ. ಕೊಟ್ಟ ಅಧಿಕಾರಿಯ ಹೆಸರನ್ನು ಬಸ್ಸಿನೊಳಗೆ ಜನ ಓದುವಂತೆ ಬರೆಯಬೇಕು. ಸಾವಿನ ಪ್ರಕರಣದಲ್ಲಿ ಮಾರ್ಪಾಡು ಕಂಡುಬಂದರೆ ಮಾಲೀಕನೇ ಮೊದಲನೆಯ ಆರೋಪಿಯಾಗಬೇಕು.

ಮೆಕ್ಯಾನಿಕ್ ಮಿತ್ರರಿಗೂ ಒಂದು ಮಾತು. ನಾಳೆ ಆ ಬಸ್ಸಿನಲ್ಲಿ ನಿಮ್ಮ ತಂಗಿಯೇ ತವರಿಗೆ ಬರುತ್ತಿರಬಹುದು. ಒಬ್ಬನೇ ‘ಆಗದು’ ಎಂದರೆ ಕೆಲಸ ಹೋಗುತ್ತದೆ. ಸಾಲಿನ ಅಷ್ಟೂ ಗ್ಯಾರೇಜು ‘ಆಗದು’ ಎಂದರೆ ಮಾಲೀಕ ಹೊಸ ಫ್ಯೂಸು ಕೊಳ್ಳಲೇಬೇಕು. ಅದಕ್ಕಾಗಿ ಸಂಘ ಕಟ್ಟಿರಿ. ನಮ್ಮ ಕಚೇರಿಯ ಬಾಗಿಲು ತೆರೆದಿದೆ.