ವುಡ್‌ಲ್ಯಾಂಡ್ಸ್ ಲೆಕ್ಕ ಯಾರಿಗೂ ಬೇಡವೇ?

ಕೆರೆಯ ವಿಸ್ತೀರ್ಣ ನೋಡಿ, ಅದರ ಸುತ್ತ ಕಟ್ಟಡವಿಲ್ಲದೆ ಬಿಡಬೇಕಾದ ಬಫರ್ ವಲಯವನ್ನು ಕುಗ್ಗಿಸುವ ಕರ್ನಾಟಕದ ಕೆರೆ ಸಂರಕ್ಷಣಾ ಕಾಯ್ದೆಯ 2025ರ ತಿದ್ದುಪಡಿ ಮಸೂದೆ ತಪ್ಪು. ಸಮರ್ಥಕರು ಹೇಳುವುದಿಷ್ಟು: ನಗರದಲ್ಲಿ ಅಡಿ ಅಡಿ ನೆಲಕ್ಕೂ ಬೆಲೆಯಿದೆ, ನೀರಿಗೆಂದು ಜಾಗ ಬಿಡುವುದು ದುಬಾರಿ, ಮಳೆನೀರಿಗೆ ಕಾಂಕ್ರೀಟ್ ಕಾಲುವೆ ಸಾಕು. ದುಬಾರಿ ಯಾವುದು ಎಂಬ ಲೆಕ್ಕವನ್ನು ಇಯಾನ್ ಮ್ಯಾಕ್‌ಹಾರ್ಗ್ ಅರ್ಧ ಶತಮಾನದ ಹಿಂದೆಯೇ ಮುಗಿಸಿದ್ದಾರೆ.

ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿ 1920ರಲ್ಲಿ ಹುಟ್ಟಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಭೂದೃಶ್ಯ ವಾಸ್ತುಶಿಲ್ಪದ ವಿಭಾಗ ಕಟ್ಟಿದವರು ಅವರು. ಅವರ 1969ರ ‘ಡಿಸೈನ್ ವಿತ್ ನೇಚರ್’ ನಮ್ಮ ಕಾಲೇಜುಗಳಿಗೂ ಗೊತ್ತು. ಮಣ್ಣು, ನೀರು, ಇಳಿಜಾರು, ಕಾಡಿನ ನಕ್ಷೆಗಳನ್ನು ಒಂದರ ಮೇಲೊಂದು ಹಾಸಿ, ಎಲ್ಲಿ ಕಟ್ಟಬಾರದು ಎಂಬುದನ್ನು ಮೊದಲು ಗುರುತಿಸುವ ವಿಧಾನವೂ ಗೊತ್ತು. ಆ ವಿಧಾನ ಉಳಿಸಿದ ಹಣದ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ.

1970ರ ದಶಕದಲ್ಲಿ ತೈಲೋದ್ಯಮಿ ಜಾರ್ಜ್ ಮಿಚೆಲ್ ಹೂಸ್ಟನ್‌ನ ಉತ್ತರಕ್ಕೆ ವುಡ್‌ಲ್ಯಾಂಡ್ಸ್ ಎಂಬ ಹೊಸ ಊರು ಕಟ್ಟಲು ಹೊರಟರು. ಸಮತಟ್ಟಾದ ಪೈನ್ ಕಾಡು, ಮಳೆ ಬಂದರೆ ನಿಂತಲ್ಲೇ ನೀರು. ನೀರು ಇಂಗುವ ಮರಳುಮಣ್ಣಿನ ನೆಲವನ್ನು ಹಾಗೆಯೇ ಬಿಡಿ, ಇಂಗದ ಜೇಡಿಮಣ್ಣಿನ ಮೇಲೆ ಮನೆ ಕಟ್ಟಿ, ಹಳ್ಳಗಳನ್ನು ಹುಲ್ಲು ಗಿಡಗಳ ಸಮೇತ ಉಳಿಸಿ ಎಂದಿತು ಮ್ಯಾಕ್‌ಹಾರ್ಗ್ ತಂಡ. ಕೊಳವೆ, ಕಾಂಕ್ರೀಟಿನ ಮಾಮೂಲಿ ಚರಂಡಿ ವ್ಯವಸ್ಥೆಗೆ ಅಂದಾಜು 1.87 ಕೋಟಿ ಡಾಲರ್. ಈ ವ್ಯವಸ್ಥೆಗೆ 42 ಲಕ್ಷ. ಕಾಲು ಭಾಗಕ್ಕಿಂತ ಕಡಿಮೆ! ಇದನ್ನು ಒಪ್ಪಿಕೊಂಡಾತ ಲಾಭ ನಷ್ಟ ಬಲ್ಲ ವ್ಯಾಪಾರಿ ಎಂಬುದನ್ನು ಮರೆಯಬಾರದು. 1979ರಲ್ಲೂ 1994ರಲ್ಲೂ ಮಹಾಮಳೆ ಸುರಿದಾಗ ಆ ಊರಿಗೆ ಆದ ಹಾನಿ ಅಲ್ಪ.

ಅದು ಶ್ರೀಮಂತ ಅಮೆರಿಕದ ಕಥೆ ಎಂದು ಅಂಕಣಕಾರರೊಬ್ಬರು ತಳ್ಳಿಹಾಕಿದ್ದಾರೆ. ಅಗ್ಗದ ದಾರಿ ಬಡ ಊರಿಗೆ ಹೇಗೆ ಬೇಡವಾಗುತ್ತದೆ? ಅವರು ಕೆದಕಬೇಕಿದ್ದದ್ದು ಕಥೆಯ ಉತ್ತರಾರ್ಧವನ್ನು. ಮೊದಲ ಬಡಾವಣೆಗಳು ಮ್ಯಾಕ್‌ಹಾರ್ಗ್ ನಕ್ಷೆಯಂತೆಯೇ ಎದ್ದವು. ಆಮೇಲೆ ಬಂದವರಿಗೆ ಮನೆ ಮುಂದಿನ ಹುಲ್ಲುಗಾಲುವೆ ಹಿಡಿಸಲಿಲ್ಲ, ಮಾಮೂಲಿ ಚರಂಡಿ ಬಂತು, 1997ರಲ್ಲಿ ಮಿಚೆಲ್ ಊರನ್ನೇ ಮಾರಿದರು. ಮಳೆನೀರು ಹಳೆಯ ಬಡಾವಣೆಗಳಿಗಿಂತ ಹೊಸವುಗಳಲ್ಲಿ ಹೆಚ್ಚು ರಭಸದಿಂದ ಹರಿಯುತ್ತದೆ ಎಂದು ನಂತರದ ಅಧ್ಯಯನಗಳು ತೋರಿಸಿವೆ. ಒಬ್ಬ ಮಾಲೀಕನ ಇಚ್ಛೆಯ ಮೇಲೆ ನಿಂತ ರಕ್ಷಣೆ ಅವನೊಂದಿಗೇ ಹೋಯಿತು. ಬಫರ್ ಕಾನೂನಿನಲ್ಲೇ ಇರಬೇಕು ಎನ್ನುವುದು ಇದಕ್ಕೆ.

ನಮ್ಮ ಮಸೂದೆ ಎಕರೆ ಎಣಿಸುತ್ತದೆ. ಮಣ್ಣು ಯಾವುದು, ಇಳಿಜಾರು ಎತ್ತ, ಕೋಡಿ ಬಿದ್ದ ನೀರು ಯಾವ ಕೆರೆಗೆ ಎಂಬ ಪ್ರಶ್ನೆಗಳೇ ಅದರಲ್ಲಿಲ್ಲ. ಬೆಂಗಳೂರಿನ ಕೆರೆಗಳು ಸರಪಳಿಯಂತಿವೆ: ಕಣಿವೆಯ ನೆತ್ತಿಯಲ್ಲಿರುವ ಪುಟ್ಟ ಕಟ್ಟೆಯ ಅಂಚಿಗೆ ಸೈಟು ಬಂದರೆ, ಅಲ್ಲಿ ಇಂಗಬೇಕಾದ ನೀರು ಕೆಳಗಿನ ಬಡಾವಣೆಯ ನೆಲಮಾಳಿಗೆಗೆ ಇಳಿಯುತ್ತದೆ. ಅತಿ ಕಡಿಮೆ ಬಫರ್ ಸಿಗುವುದು ಆ ಪುಟ್ಟ ಕಟ್ಟೆಗೇ. ಮಸೂದೆ ಹಿಂಪಡೆಯಲಿ. ಪ್ರತಿ ಕಣಿವೆಯ ಮಣ್ಣಿನ ನಕ್ಷೆ, ಅದರ ಪಕ್ಕದಲ್ಲೇ ರಾಜಕಾಲುವೆಯ ಕಾಂಕ್ರೀಟಿಗೆ ಈವರೆಗೆ ಸುರಿದ ಹಣದ ಪಟ್ಟಿ ಸದನದ ಮುಂದೆ ಬರಲಿ. ಬಫರ್ ಎಷ್ಟು ಮೀಟರು ಎಂಬ ಚರ್ಚೆ ಆಮೇಲೆ.