ನೆಲಕ್ಕೆ ಚೆಲ್ಲಿದ ಅಕ್ಕಿ ಯಾರದು?



ಎಂ.ಎ. ಕನ್ನಡದ ಪರೀಕ್ಷೆಗೆ ತಪ್ಪದೆ ಬರುವ ಪ್ರಶ್ನೆ ಒಂದಿದೆ: ‘ವಚನಗಳಲ್ಲಿ ಸಾಮಾಜಿಕ ಕಳಕಳಿ.’ ಉತ್ತರವೂ ಸಿದ್ಧ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಎಂದು ಹೆಸರು ಸಾಲಾಗಿ ಬರೆದರೆ ಅರ್ಧ ಅಂಕ. ಜಾತಿ ಮೀರಿದ ಕ್ರಾಂತಿ ಅಂತ ಒಂದು ಮಾತು ಸೇರಿಸಿದರೆ ಉಳಿದರ್ಧ. ನಾನೂ ಬರೆದೆ, ಪಾಸಾದೆ. ಬಸ್ಸಿಳಿದು ಚಂದ್ರಬಂಡಾಕ್ಕೆ ಬಂದರೆ ನಮ್ಮ ಕೇರಿ ಇದ್ದಲ್ಲೇ ಇತ್ತು. ಇದು ಪಾಠವೋ, ಹೆಸರು ಕೂಗುವ ಹಾಜರಿಯೋ? ಎಲ್ಲಿ ಓದಿದೆ ಅನ್ನೋದು ಬೇಡ. ನೀವು ಓದಿದ ಕಡೆಯೂ ಹೀಗೇ ಇದ್ದೀತು.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ನಮ್ಮ ಜಿಲ್ಲೆಯವರು. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರು ಅಂತ ಪ್ರತೀತಿ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ಬದುಕಿದರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಅಲ್ಲೇ ಸುರಿದು ಬಾ ಅಂದಳು. ಇದನ್ನು ಪಾಠ ಮಾಡುವಾಗ ನಮ್ಮ ಸರ್ ಗಂಟಲು ಕಟ್ಟಿತು. ಬಡತನದಲ್ಲೂ ಎಂಥ ತೃಪ್ತಿ ನೋಡಿ ಅಂದರು! ತೃಪ್ತಿಯ ಪಾಠ ಯಾವಾಗಲೂ ಆಯುವವರಿಗೇ ಯಾಕೆ? ಲಕ್ಕಮ್ಮ ಆಸೆಯನ್ನು ಒಯ್ದು ಕಟ್ಟಿದ್ದು ಅರಸನ ತಲೆಗೆ. ಆ ಮಾತು ನಮ್ಮ ನೋಟ್ಸಿಗೆ ಬರಲೇ ಇಲ್ಲ.

ಈ ಕತೆ ಅವ್ವಗೆ ಹೇಳಿದೆ. ಅವ್ವ ಹತ್ತಿ ಬಿಡಿಸಿ ಆಗತಾನೆ ಬಂದಿದ್ದಳು. ಕೆ.ಜಿ. ಲೆಕ್ಕದ ಕೂಲಿ. ಬೆರಳ ತುದಿ ಸೀಳಿದ್ದವು. “ಅಷ್ಟ್ ಅಕ್ಕಿ ನೆಲಕ್ಕ ಚೆಲ್ಲೋ ಮನಿಗೆ ಅಕ್ಕಿ ಎಲ್ಲಿಂದ ಬರ್ತಿತ್ತಪ? ಬೆಳದವ್ರು ಏನ್ ಉಣ್ತಿದ್ರು?” ಅಂದಳು.

ಬಸವಣ್ಣ ಬಿಜ್ಜಳನ ಭಂಡಾರಿ. ಆ ಭಂಡಾರ ತುಂಬಿದ ರೈತ ಯಾರು, ಕೂಲಿ ಯಾರು, ತೆರಿಗೆ ಎಷ್ಟು? ಇದು ಬಸವಣ್ಣನ ಮೇಲಿನ ದೂರಲ್ಲ. ಲಕ್ಕಮ್ಮ ಎಲ್ಲಿ ಬೆರಳು ತೋರಿಸಿದಳೋ ಅಲ್ಲಿಗೇ ಅವ್ವನೂ ತೋರಿಸಿದಳು. ಎರಡು ವರ್ಷದ ಎಂ.ಎ.ಯಲ್ಲಿ ಒಬ್ಬರೂ ತೋರಿಸಿರಲಿಲ್ಲ.

ದಾಸಸಾಹಿತ್ಯದ್ದೂ ಇದೇ ಹಣೆಬರಹ. ಚೀಕಲಪರ್ವಿಯ ವಿಜಯದಾಸರು, ಬ್ಯಾಗವಾಟದ ಜಗನ್ನಾಥದಾಸರು ಮಾನ್ವಿ ಕಡೆಯವರು. ಮೊಸರಕಲ್ಲಿನ ಗೋಪಾಲದಾಸರು ದೇವದುರ್ಗದ ಕಡೆಯವರು. ಅವರ ಅಂಕಿತ, ಗುರುಪರಂಪರೆ ನಮಗೆ ಬಾಯಿಪಾಠ. ‘ಹರಿಕಥಾಮೃತಸಾರ’ ಭಾಮಿನಿ ಷಟ್ಪದಿ ಅಂತ ನಿದ್ದೆಯಲ್ಲೂ ಹೇಳುತ್ತೇವೆ. ಆ ಊರುಗಳಲ್ಲಿ ಆಗ ಹೊಲ ಯಾರದು, ಉಳುವವರು ಯಾರು, ದಾಸರ ಪದವನ್ನು ಕೇರಿಯವರು ಎಷ್ಟು ದೂರ ನಿಂತು ಕೇಳಬೇಕಿತ್ತು? ಕೇಳಿದರೆ ‘ಅದು ಸಾಹಿತ್ಯವಲ್ಲ, ಸಮಾಜಶಾಸ್ತ್ರ’ ಅನ್ನುತ್ತಾರೆ.

1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಮಂತ್ರಿ ಪದವಿ ಹೋಯಿತು. ದಲಿತ ಹುಡುಗರು ಏಟು ತಿಂದರು. ನಾನು ವಚನವನ್ನು ಬೂಸಾ ಅನ್ನಲಾರೆ. ಆದರೆ ಈ ಗೈಡು, ನೋಟ್ಸುಗಳಿಗೆ ಬೂಸಾ ಅನ್ನೋದೂ ದೊಡ್ಡ ಮಾತು. ಬೂಸಾ ತಿಂದರೆ ದನದ ಹೊಟ್ಟೆಯಾದರೂ ತುಂಬತದ.

ಎದೆ ಕೊಟ್ಟು ಓದಿದವರೂ ಇದ್ದಾರೆ. ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಓಲೆಗರಿ ಹುಡುಕಿ 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸಿದರು. ಓಲೆಗರಿ, ಶಾಸನ ಓದಿ ಕಂಡದ್ದನ್ನು ಬರೆದ ಎಂ.ಎಂ. ಕಲಬುರ್ಗಿಯವರು 1989ರಲ್ಲಿ ‘ಮಾರ್ಗ’ದ ಮಾತುಗಳನ್ನು ಒತ್ತಡಕ್ಕೆ ಹಿಂದೆ ಪಡೆಯಬೇಕಾಯಿತು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಅವರಿಗೆ ಗುಂಡಿಟ್ಟು ಕೊಂದರು. ಹಳೆಯ ಸಾಹಿತ್ಯವನ್ನು ಓದುವುದು ನಿರುಪದ್ರವಿ ಕೆಲಸ ಅಂತ ಇನ್ನೂ ಯಾರಾದರೂ ಅಂದುಕೊಂಡಿದ್ದಾರೆಯೆ? ಮೇಷ್ಟ್ರುಗಳ ಹೆದರಿಕೆ ನನಗೂ ತಿಳಿಯುತ್ತದೆ. ನೌಕರಿ ಇದೆ, ಮಕ್ಕಳಿದ್ದಾರೆ. ಆದರೆ ಹೆದರಿಕೆಗೆ ಸಿಲಬಸ್ ಅಂತ ಹೆಸರಿಡಬೇಡಿ.

2021ರಲ್ಲಿ ರಾಯಚೂರಿಗೇ ವಿಶ್ವವಿದ್ಯಾಲಯ ಬಂತು, ಯರಗೇರಾದಲ್ಲಿ. ಮೊದಲು ನಮ್ಮ ಪಟ್ಟಿ, ಪದವಿಗೆಲ್ಲ ಕಲಬುರಗಿಯ ಕಡೆ ನೋಡಬೇಕಿತ್ತು. ಈಗ ಹತ್ತಿರದಲ್ಲೇ ಇದೆ. ಹಾಗಾಗಿ ಕೇಳುತ್ತಿದ್ದೇನೆ. ಮುಂದಿನ ವಿಚಾರಸಂಕಿರಣವನ್ನು ಕೇರಿಯಲ್ಲಿ ಇಡಿ. ತತ್ವಪದದವರನ್ನು, ಮೊಹರಂ ಪದದವರನ್ನು, ಬೀಸುವ ಪದ ಬಲ್ಲ ಮುದುಕಿಯರನ್ನು ಕರೀರಿ. ಹಾಡಿಸಿ ಕಳಿಸಬೇಡಿ, ವಚನ ಓದಿ ಹೇಳಿ, ಅವರು ಪ್ರಶ್ನೆ ಕೇಳಲಿ. ಪ್ರಬಂಧ ಮಂಡಿಸುವವರಿಗೆ ಟಿ.ಎ., ಡಿ.ಎ. ಇದೆಯಲ್ಲ, ಕೂಲಿ ಬಿಟ್ಟು ಬಂದು ಕೂತವರಿಗೆ ಆ ದಿನದ ಕೂಲಿ ಕೊಡಿ. ಹತ್ತಿ ಬಿಡಿಸೋ ದಿನಗಳಲ್ಲಿ ಮಾತ್ರ ಇಡಬೇಡಿ. ಯಾರೂ ಬರೋದಿಲ್ಲ.